ಮಾವ ಕಳಿಸಿದ ಸೊಸೆ

ಹದಿನಾಲ್ಕು ವರ್ಷಗಳಿಂದ ನಾನು ಮಾವ. ಇದು ನನ್ನ ಅಡ್ಡಹೆಸರಲ್ಲ, ಕೆಲಸ. 'ಪುಟ್ಟ ಗಾಡಿ' ಎಂಬ ಮಾಸಪತ್ರಿಕೆಯ ಕೊನೆಯ ಎರಡು ಪುಟಗಳಲ್ಲಿ 'ಮಾವನನ್ನು ಕೇಳಿ' ಎಂಬ ಅಂಕಣ ಬರುತ್ತದೆ. ಹಳೆಯ ಕಾಲದ ಸಣ್ಣ ಕಾರುಗಳನ್ನು ಇಟ್ಟುಕೊಂಡವರು ಅದಕ್ಕೆ ಕಾಗದ ಬರೆಯುತ್ತಾರೆ, ಮಾವ ಬೈದು ಬುದ್ಧಿ ಹೇಳುತ್ತಾನೆ. ಬೈಯುವವಳೂ ಬುದ್ಧಿ ಹೇಳುವವಳೂ ನಾನೇ. ವಯಸ್ಸು ನಲವತ್ತಾರು, ಮದುವೆಯಾಗಿಲ್ಲ. ಹೀಗಾಗಿ ಯಾರಿಗೂ ಅತ್ತೆಯಾಗಲಿಲ್ಲ, ನೇರವಾಗಿ ಮಾವನೇ ಆದೆ.

ಮೊದಲು ನಿಜವಾದ ಮಾವ ಒಬ್ಬರಿದ್ದರು, ನಮ್ಮ ಸಂಪಾದಕರ ಹೆಂಡತಿಯ ತಂದೆ. ನಲವತ್ತು ವರ್ಷ ಗ್ಯಾರೇಜು ನಡೆಸಿದವರು. 'ಗಾಡಿಗೆ ಏನೂ ಆಗಿಲ್ಲ, ಓಡಿಸುವವರನ್ನು ಡಾಕ್ಟರಿಗೆ ತೋರಿಸಿ' ಎಂದು ಅಚ್ಚಿನಲ್ಲೇ ಬರೆಯುವ ಗಟ್ಟಿಗರು. ಓದುಗರು ಬೈಸಿಕೊಳ್ಳುವುದಕ್ಕೆಂದೇ ಕಾಗದ ಹಾಕುತ್ತಿದ್ದರು. ಅವರು ತೀರಿಕೊಂಡಾಗ ಸಂಪಾದಕರು ಆ ಸುದ್ದಿಯನ್ನು ಪತ್ರಿಕೆಯಲ್ಲಿ ಹಾಕಲೇ ಇಲ್ಲ. ಆಗ ನಾನು ಕರಡು ತಿದ್ದುವವಳು. ತೀರಿಕೊಂಡವರ ಎರಡು ನೋಟ್‌ಬುಕ್ಕುಗಳನ್ನು ನನ್ನ ಮೇಜಿನ ಮೇಲೆ ತಂದಿಟ್ಟು, "ಈ ತಿಂಗಳು ಮಾತ್ರ ನೀನು ಬರಿ. ಕೋಪ ಹೇಗೂ ನಿನ್ನ ಮೂಗಿನ ತುದೀಲೇ ಇದೆ, ಕಷ್ಟ ಆಗಲ್ಲ" ಎಂದರು. ಆ ತಿಂಗಳು ಇನ್ನೂ ಮುಗಿದಿಲ್ಲ.

ಉಳಿದ ಪುಟಗಳಲ್ಲಿ ತಪ್ಪಾದರೆ ಮುಂದಿನ ಸಂಚಿಕೆಯ ಮೂಲೆಯಲ್ಲಿ 'ತಿದ್ದುಪಡಿ' ಎಂದು ಒಂದು ಚೌಕ ಹಾಕುತ್ತೇವೆ. ಮಾವನ ಪುಟಕ್ಕೆ ಆ ಚೌಕ ಇಲ್ಲ. ಅದು ಸಂಪಾದಕರ ನಿಯಮ. "ಮಾವ ತಪ್ಪು ಮಾಡಲ್ಲ. ಒಂದು ಸಲ ಒಪ್ಪಿಕೊಂಡ್ರೆ ಸಾಕು, ಜನ ಹಿಂದಿನ ಉತ್ತರವನ್ನೆಲ್ಲ ಮೂಸಿ ನೋಡೋಕೆ ಶುರು ಮಾಡ್ತಾರೆ" ಎನ್ನುತ್ತಾರೆ. ತಪ್ಪು ಗೊತ್ತಾದರೆ ಒಂದೆರಡು ವರ್ಷ ಸುಮ್ಮನಿದ್ದು, ಬೇರೆ ಯಾರದೋ ಪ್ರಶ್ನೆಗೆ ಉತ್ತರ ಕೊಡುವ ನೆಪದಲ್ಲಿ ಸರಿಯಾದದ್ದನ್ನು ಹೇಳಿ ಜಾರಿಕೊಳ್ಳುವುದು ನಮ್ಮ ಪದ್ಧತಿ. ನಾನೂ ನಾಲ್ಕಾರು ಸಲ ಹಾಗೆ ಜಾರಿಕೊಂಡಿದ್ದೇನೆ.

ನನ್ನ ಹತ್ತಿರ ಕಾರಿಲ್ಲ. ಇರಲೂ ಇಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಆಗುವುದಿಲ್ಲ. ನಮ್ಮ ಓದುಗರಲ್ಲಿ ಮುಕ್ಕಾಲು ಪಾಲು ಜನ ಹಾಗೆಯೇ. ಪತ್ರಿಕೆ ಬಂದ ದಿನ ಮುಖಪುಟವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಎಂಜಿನ್ನಿನ ಅಳತೆ ಬಾಯಿಪಾಠ ಮಾಡುತ್ತಾರೆ, ಆಮೇಲೆ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಕಚೇರಿ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಗೋಡೆಯ ತುಂಬ ಹಳೆಯ ಮುಖಪುಟಗಳು. ನನ್ನ ಮೇಜಿನ ಎದುರಿಗೆ ಬರುವುದು ಗುಂಡನ ಚಿತ್ರ. ಗುಂಡ ಎಂದು ನಾವು ಕರೆಯುವುದು ಎರಡೇ ಬಾಗಿಲಿನ, ಎಂಜಿನ್ ಹಿಂದುಗಡೆ ಇರುವ, ಎಲ್ಲಿ ನೋಡಿದರೂ ದುಂಡಗಿರುವ ಒಂದು ಕಾರನ್ನು. ನಾಲ್ಕು ಜನ ಕೂರಬಹುದು, ಅವರಲ್ಲಿ ಇಬ್ಬರಿಗೆ ಕಾಲಿಲ್ಲದಿದ್ದರೆ. ಅದರ ಹಿಂದಿನ ಮುಚ್ಚಳ ಎತ್ತಿದರೆ ಎಂಜಿನ್ನಿನ ಒಂದೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಒಂದೊಂದನ್ನೂ ಒಬ್ಬಳೇ ಬಿಚ್ಚಿ ಎತ್ತಿಡಬಹುದು. ಬದುಕಿನಲ್ಲಿ ಹಾಗೆ ಪೂರ್ತಿ ಕೈಗೆ ಸಿಗುವ ವಸ್ತು ನನಗೆ ಇನ್ನೊಂದು ಗೊತ್ತಿಲ್ಲ. ಅದಕ್ಕೇ ಬೇಕಿತ್ತು. ಅಗತ್ಯ ಏನೂ ಇರಲಿಲ್ಲ, ಬಸ್ಸು ನಮ್ಮ ಮನೆಯ ಮುಂದೆಯೇ ನಿಲ್ಲುತ್ತದೆ. ಆದರೂ ವರ್ಷಗಟ್ಟಲೆ ಉಳಿಸಿ, ಬ್ಯಾಂಕಿನಲ್ಲಿ ಗುಂಡನಿಗೆಂದೇ ಒಂದಿಷ್ಟು ಇಟ್ಟಿದ್ದೆ.

ಆ ಕಾಗದ ಬಂದಾಗ ನನಗೆ ಕುಣಿಯುವಂತಾಯಿತು. ನಮ್ಮ ಓದುಗರು ಹೆಸರು ಹಾಕುವುದಿಲ್ಲ, ಕಸುಬು ಮತ್ತು ಗಾಡಿಯ ಹೆಸರು ಹಾಕುತ್ತಾರೆ. ಅದೊಂದು ಹಳೆಯ ರೂಢಿ. ಇದರ ಕೆಳಗೆ 'ಹಲ್ಲುಸೆಟ್ಟಿನವರು, ಗುಂಡ' ಎಂದಿತ್ತು. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುತ್ತಿದ್ದವರು, ಈಗ ನಿವೃತ್ತರು. 'ಪೂಜ್ಯ ಮಾವನವರಿಗೆ, ನನ್ನ ಅಕ್ಕನ ಗುಂಡನನ್ನು ತಾವು ಹೇಳಿದ ಪ್ರಕಾರವೇ ಹದಿನಾಲ್ಕು ವರ್ಷ ಇಟ್ಟುಕೊಂಡು ಬಂದಿದ್ದೇನೆ. ನಮಗೂ ವಯಸ್ಸಾಯಿತು. ಕಂಡಕಂಡವರಿಗೆ ಮಾರಲು ಮನಸ್ಸಿಲ್ಲ. ತಾವು ಯಾರನ್ನು ಕಳಿಸಿದರೆ ಅವರಿಗೇ ಕೊಡುತ್ತೇನೆ' ಎಂದು ಬರೆದಿದ್ದರು.

ನಾನು ಏನು ಹೇಳಿದ್ದೆ ಎಂದು ಹಳೆಯ ಸಂಚಿಕೆ ತೆಗೆದು ನೋಡಬೇಕಿತ್ತು. ನೋಡಲಿಲ್ಲ. ನನ್ನ ಮಾತನ್ನು ಹದಿನಾಲ್ಕು ವರ್ಷ ಪಾಲಿಸಿದ್ದಾರೆ ಎಂದು ಉಬ್ಬಿಹೋಗಿದ್ದೆ. ಅಂದೇ ಮಾವನಾಗಿ ಕೂತು ಉತ್ತರ ಬರೆದೆ: 'ನನ್ನ ತಂಗಿಯ ಮಗಳನ್ನು ಕಳಿಸುತ್ತಿದ್ದೇನೆ. ಸ್ವಲ್ಪ ಸಿಡುಕಿ, ಆದರೆ ಗಾಡಿಯ ವಿಷಯದಲ್ಲಿ ನನ್ನಷ್ಟೇ ತಿಳಿದವಳು. ಅವಳಿಗೆ ಕೊಟ್ಟರೆ ನನಗೇ ಕೊಟ್ಟಂತೆ.' ನನ್ನನ್ನು ನಾನೇ ಇಷ್ಟು ಚೆನ್ನಾಗಿ ಹೊಗಳಿಕೊಂಡದ್ದು ಅದೇ ಮೊದಲು.

"ಮಾವಾ, ನಿನ್ನ ಸೊಸೆಗೆ ರಜಾ ಬೇಕಾ?" ಎಂದು ಸಂಪಾದಕರು ರೇಗಿಸಿದರು. ಎರಡು ದಿನ ಕೊಟ್ಟರು.

ಅರ್ಧ ದಿನದ ಬಸ್ಸು ಪ್ರಯಾಣ. ಸಾಲುಮನೆಗಳ ಕೊನೆಯ ಮನೆ. ಮುಂದಿನ ಕೋಣೆಯೇ ಒಂದು ಕಾಲದ ಕಾರ್ಖಾನೆ. ಕಪಾಟಿನಲ್ಲಿ ಬಿಳಿ ಅಚ್ಚಿನ ದವಡೆಗಳು ಸಾಲಾಗಿ ಕೂತಿದ್ದವು. "ಈ ಊರಲ್ಲಿ ಅರ್ಧ ಜನ ನಗೋದು ಇಲ್ಲಿಂದಲೇ" ಎಂದರು ಹಲ್ಲುಸೆಟ್ಟಿನವರು. ತೆಳ್ಳಗೆ, ನೆಟ್ಟಗೆ, ಅಂಗಿಯ ಜೇಬಿನಲ್ಲಿ ಸಣ್ಣ ಅಳತೆಪಟ್ಟಿ ಇಟ್ಟುಕೊಂಡ ಮನುಷ್ಯ. ಇನ್ನೊಂದು ಗೋಡೆಯಲ್ಲಿ 'ಪುಟ್ಟ ಗಾಡಿ'ಯ ಸಂಚಿಕೆಗಳು, ವರ್ಷಕ್ಕೊಂದರಂತೆ ರಟ್ಟು ಹಾಕಿಸಿ, ಬೆನ್ನಿಗೆ ಚೀಟಿ ಅಂಟಿಸಿ. ನಮ್ಮ ಕಚೇರಿಯಲ್ಲೂ ಅಷ್ಟು ಅಚ್ಚುಕಟ್ಟಾಗಿ ಇಲ್ಲ.

ಕಿಟಕಿಯ ಪಕ್ಕ ಅವರ ಅಕ್ಕ ಕೂತಿದ್ದರು. ಎಪ್ಪತ್ತೈದು ದಾಟಿದ ವಯಸ್ಸು, ಕಣ್ಣು ಬಹುಮಟ್ಟಿಗೆ ಕಾಣದು. ಸೂಲಗಿತ್ತಿಯಾಗಿ ಆಸ್ಪತ್ರೆಯಲ್ಲಿದ್ದವರು, ಇಪ್ಪತ್ತೆರಡು ವರ್ಷ ಗುಂಡನನ್ನು ಓಡಿಸಿಕೊಂಡು ಮನೆಮನೆಗೆ ಹೆರಿಗೆಗೆ ಹೋದವರು. ಕಣ್ಣು ಮಂಜಾದ ವರ್ಷ ಬೀಗದ ಕೈ ತಮ್ಮನ ಕೈಗೆ ಕೊಟ್ಟರಂತೆ.

"ಕೂತ್ಕೋ ತಾಯಿ. ಮಾವನ ಸೊಸೆ ಅಂದ್ರೆ ನಮ್ಮ ಮನೆಯವಳೇ. ಇವನು ಆ ಪುಟ ಬರೋವರೆಗೂ ಅಂಚೆಯವನ ದಾರಿ ಕಾಯ್ತಾನೆ" ಎಂದರು ಅಕ್ಕ. "ನಾನು ಅಂದಿದ್ದೆ, ಯಾರಿಗಾದ್ರೂ ಕೊಡೋ, ಓಡಿಸ್ಕೊಂಡು ಇರ್ಲಿ ಅಂತ. ಇವನು ಕೇಳ್ಬೇಕಲ್ಲ. ಹೆಂಗೆ ಕೊಟ್ಟಿದೀಯೋ ಹಂಗೇ ಇಡ್ತೀನಿ ಅಂತ ಹಟ."

"ಇಟ್ಟಿಲ್ವಾ ಮತ್ತೆ?" ಎಂದರು ತಮ್ಮ, ಮಗುವಿನಂತೆ.

ಹಿತ್ತಲಿನ ಶೆಡ್ಡಿನ ಬಾಗಿಲು ತೆರೆದರು. ನನ್ನ ಚೀಲದಲ್ಲಿ ಟಾರ್ಚು, ಅಯಸ್ಕಾಂತ, ಸ್ಕ್ರೂಡ್ರೈವರ್ ಇದ್ದವು. 'ಕೊಳ್ಳುವ ಮುನ್ನ' ಎಂಬ ಲೇಖನದಲ್ಲಿ ಇವಿಲ್ಲದೆ ಹೋಗಬೇಡಿ ಎಂದು ನಾನೇ ಬರೆದಿದ್ದೆ. ಒಳಗೆ ಹೆಜ್ಜೆ ಇಟ್ಟವಳು ಹಾಗೇ ನಿಂತೆ.

ಗುಂಡ ದಪ್ಪ ಪ್ಲಾಸ್ಟಿಕ್ ಹಾಳೆಯೊಳಗಿದ್ದ. ಹಾಳೆಯ ಅಂಚನ್ನು ಚಕ್ರಗಳ ಅಡಿಗೆ ಮಡಚಿ, ಸುತ್ತಲೂ ಒತ್ತೊತ್ತಾಗಿ ಇಟ್ಟಿಗೆ ಜೋಡಿಸಿದ್ದರು. ಕೆಳಗೆ ಸಿಮೆಂಟಿಲ್ಲ, ಮಣ್ಣಿನ ನೆಲ. ಆಗ ನೆನಪಾಯಿತು. ಮಾವನಾದ ಮೊದಲ ವರ್ಷ ಯಾರೋ ಕೇಳಿದ್ದರು, ಬಹಳ ಕಾಲ ಓಡಿಸದ ಗಾಡಿಯನ್ನು ಹೇಗೆ ಇಡುವುದು ಎಂದು. ತೀರಿಕೊಂಡ ಮಾವನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನಮ್ಮಮ್ಮ ಹೊಲಿಗೆ ಯಂತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಡುತ್ತಿದ್ದಳು, ಅದಕ್ಕೆ ತುಕ್ಕು ಹಿಡಿದಿರಲಿಲ್ಲ. ಅದನ್ನೇ ನೆನೆದು ಬರೆದುಬಿಟ್ಟಿದ್ದೆ: ಗಾಳಿ ನುಸುಳದಂತೆ ಮುಚ್ಚಿ, ಅಂಚು ಮಡಚಿ, ಇಟ್ಟಿಗೆ ಇಡಿ, ಪದೇ ಪದೇ ಬಿಚ್ಚಿ ನೋಡುವ ಚಪಲ ಬೇಡ. ಹೊಲಿಗೆ ಯಂತ್ರ ಮಹಡಿಯಲ್ಲಿ ಮೇಜಿನ ಮೇಲಿರುತ್ತಿತ್ತು, ಕಾರು ನೆಲದ ಮೇಲಿರುತ್ತದೆ, ನೆಲದ ತೇವ ಮೇಲೇಳುತ್ತದೆ, ಹಾಳೆಯೊಳಗೆ ಸಿಕ್ಕಿಕೊಂಡು ಹೊರಗೆ ಹೋಗದೆ ಕಬ್ಬಿಣ ತಿನ್ನುತ್ತದೆ ಎಂಬ ಅಷ್ಟು ಸಣ್ಣ ವಿಷಯ ನನಗೆ ಗೊತ್ತಾಗಲು ಮೂರು ವರ್ಷ ಹಿಡಿಯಿತು. ಗೊತ್ತಾದಾಗ ಬೇರೊಬ್ಬರಿಗೆ 'ಗಾಳಿಯಾಡುವಂತೆ ಬಟ್ಟೆ ಹೊದಿಸಿ' ಎಂದು ಬರೆದು ಜಾರಿಕೊಂಡೆ.

"ವರ್ಷಕ್ಕೊಂದೇ ಸಲ ಬಿಚ್ಚೋದು. ಮೇಲೆಲ್ಲ ಮೇಣ ತಿಕ್ಕಿ ಮತ್ತೆ ಮುಚ್ತೀನಿ" ಎನ್ನುತ್ತ ಅವರು ಇಟ್ಟಿಗೆ ಸರಿಸಿ ಹಾಳೆ ಎಳೆದರು. ಮೇಲ್ಮೈ ಹೊಸದರಂತೆ ಹೊಳೆಯಿತು. ತಿಳಿಹಸಿರು ಬಣ್ಣ, ದುಂಡಗಿನ ದೀಪ. ಅಷ್ಟು ಹೊತ್ತಿನಲ್ಲೂ ನನಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ.

ಅಕ್ಕ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಿದ್ದರು. ಮೂಗು ಅರಳಿಸಿ, "ಏನೋ ಇದು, ಹಸಿ ಮಣ್ಣಿನ ವಾಸನೆ" ಎಂದರು.

ನಾನು ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ಟಾರ್ಚು ಬಿಟ್ಟೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಹಿಡಿ ತಗಡನ್ನು ತೂರಿಕೊಂಡು ಒಳಗೆ ಹೋಯಿತು. ತುಕ್ಕಿನ ಚೂರುಗಳು ಕೆನ್ನೆಯ ಮೇಲೆ ಬಿದ್ದವು. ಇನ್ನೊಂದು ಕಡೆ ತಟ್ಟಿದೆ, ಅಲ್ಲೂ ಹಾಗೇ. ಕಾಲಿಡುವ ಜಾಗದಿಂದ ಹಿಂದಿನ ಸೀಟಿನವರೆಗೆ ಗಾಡಿಗೆ ತಳವೇ ಇರಲಿಲ್ಲ.

ಎದ್ದು ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಲ್ಲುಸೆಟ್ಟಿನವರು ನಂಬಲಿಲ್ಲ. ತಾವೇ ಬಗ್ಗಿ ಕೈ ಹಾಕಿದರು. ಕೈ ಹೊರಗೆ ಬಂದಾಗ ಬೆರಳೆಲ್ಲ ಕೆಂಪು ಪುಡಿ. ಅದನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದರು.

"ಅಂಚು ಸರಿಯಾಗಿ ಮಡಚಿಲ್ಲ ನಾನು" ಎಂದರು ಕೊನೆಗೆ. "ಮಾವನವರು ಗಾಳಿ ನುಸುಳಬಾರದು ಅಂದಿದ್ರು. ಎಲ್ಲೋ ಸಂದು ಬಿಟ್ಟಿದೀನಿ." ಆಮೇಲೆ ಅಕ್ಕನ ಕಡೆ ತಿರುಗಿದರು. "ಅಕ್ಕಾ, ಹಾಳು ಮಾಡ್ಬಿಟ್ಟೆ. ನಿನ್ನ ಗಾಡಿ ಹಾಳು ಮಾಡ್ಬಿಟ್ಟೆ ಕಣೇ."

ಅಕ್ಕ "ಹೋಗ್ಲಿ ಬಿಡೋ, ಕಬ್ಬಿಣ ತಾನೆ" ಎಂದು ತಮ್ಮನ ತೋಳು ಹುಡುಕಿ ಹಿಡಿದುಕೊಂಡರು. ಆ ಮನುಷ್ಯ ಬಿಡುವಂತಿರಲಿಲ್ಲ. ಶೆಡ್ಡು ಸೋರಿರಬೇಕು ಎಂದು ನಾನು ಹೇಳಿಬಿಡಬಹುದಿತ್ತು. ಬಾಯಿಗೆ ಬಂದೂ ಇತ್ತು. ಆದರೆ ಹಾಗೆ ಹೇಳಿದರೂ ಶೆಡ್ಡು ನೋಡಿಕೊಳ್ಳದ ತಪ್ಪು ಮತ್ತೆ ಅವರ ತಲೆಗೇ ಬರುತ್ತಿತ್ತು.

"ಸರ್, ನೀವು ಏನೂ ತಪ್ಪು ಮಾಡಿಲ್ಲ. ಹಾಗೆ ಮುಚ್ಚಿ ಅಂದಿದ್ದೇ ತಪ್ಪು. ಅಂದವಳು ನಾನು" ಎಂದೆ. "ಮಾವ ತೀರಿಹೋಗಿ ಹದಿನಾಲ್ಕು ವರ್ಷ ಆಯ್ತು. ಅವತ್ತಿಂದ ಆ ಪುಟ ಬರೀತಿರೋದು ನಾನೇ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಳಗೆ ಹೋಗಿ ಎರಡು ರಟ್ಟಿನ ಪುಸ್ತಕ ತಂದು, ಕಾರಿನ ಹೊಳೆಯುವ ಮುಂಭಾಗದ ಮೇಲೆ ತೆರೆದಿಟ್ಟರು. ಒಂದರಲ್ಲಿ ನನ್ನ ಉತ್ತರ, ಸಾಲುಸಾಲಿಗೂ ಕೆಂಪು ಗೆರೆ ಎಳೆದದ್ದು. ಇನ್ನೊಂದರಲ್ಲಿ ಮೂರು ವರ್ಷದ ಆಮೇಲಿನ ಉತ್ತರ.

"ಇದನ್ನೂ ನೋಡಿದೀನಿ ನಾನು. ಗಾಳಿ ಆಡ್ಬೇಕು ಅಂತ ಬರೆದಿದಾರೆ. ಆದ್ರೆ ಅದು ಆ ಕಾಗದ ಬರೆದವರ ಗಾಡಿಗೆ. ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇದು. ಡಾಕ್ಟರು ಪಕ್ಕದ ಮನೆಯವರಿಗೆ ಬರೆದುಕೊಟ್ಟ ಔಷಧಿ ನಾನು ಕುಡೀತೀನಾ?"

"ಎರಡೂ ನಾನೇ ಬರೆದಿದ್ದು, ಸರ್. ಮೊದಲನೇದು ತಪ್ಪು, ಎರಡನೇದು ಸರಿ. ತಪ್ಪು ಅಂತ ಒಪ್ಪಿಕೊಳ್ಳೋ ಧೈರ್ಯ ಇರ್ಲಿಲ್ಲ."

"ಮಾವನವರು ಬೈತಾರೆ, ಸುಳ್ಳು ಹೇಳಲ್ಲ" ಎಂದರು ಅವರು. ಧ್ವನಿ ತಣ್ಣಗಿತ್ತು. "ನನಗೆ ಅರ್ಥ ಆಯ್ತಮ್ಮ. ತುಕ್ಕು ತೋರಿಸಿ, ತಲೆ ಕೆಡಿಸಿ, ಗಾಡಿ ಪುಕ್ಕಟೆ ಹೊಡ್ಕೊಂಡು ಹೋಗೋ ಉಪಾಯ ಇದು. ಅದಕ್ಕೆ ಆ ದೊಡ್ಡವರನ್ನ ಸಾಯಿಸೋಕೂ ಹೇಸಲ್ಲ ನೀವು. ನಡೀರಿ. ಅವರಿಗೆ ನಾನು ಬರೀತೀನಿ."

ನಾನು ಟಾರ್ಚು, ಅಯಸ್ಕಾಂತ ಎತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ಅಳು ಬಂತು. ಮೊದಲು ಅವರ ಮೇಲೆ ಸಿಟ್ಟಿನಿಂದ, ಆಮೇಲೆ ನನ್ನ ಮೇಲೆ.

ಹೇಳಿದಂತೆಯೇ ಬರೆದರು. ನಾಲ್ಕನೆಯ ದಿನ ಕಾಗದ ನನ್ನ ಮೇಜಿನ ಮೇಲಿತ್ತು. 'ಪೂಜ್ಯ ಮಾವನವರಿಗೆ, ತಾವು ಕಳಿಸಿದ ಸೊಸೆ ಬಂದಿದ್ದರು. ತಮ್ಮ ಹೆಸರಿಗೆ ಮಸಿ ಬಳಿಯುವ ಮಾತಾಡಿದ್ದಾರೆ, ಎಚ್ಚರವಿರಲಿ. ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಗಾಡಿಯ ತಳ ಪೂರ್ತಿ ಹೋಗಿದೆ. ನನ್ನಿಂದ ಎಲ್ಲಿ ತಪ್ಪಾಯಿತು ಎಂದು ದಯವಿಟ್ಟು ತಿಳಿಸಬೇಕು. ಹಾಳೆಯ ಅಂಚು ಒಂದು ಗೇಣು ಮಡಚಿದ್ದೆ, ಅದು ಸಾಲದೆ? ಅಕ್ಕನ ಮುಖ ನೋಡಲು ಆಗುತ್ತಿಲ್ಲ. ಅವಳಿಗೆ ಕಣ್ಣು ಕಾಣುವುದಿಲ್ಲ ಎಂಬುದೇ ಈಗ ಸಮಾಧಾನ ಎನ್ನುವಂಥ ಪಾಪಿಯಾಗಿದ್ದೇನೆ.'

ಅದನ್ನು ಸಂಪಾದಕರ ಮುಂದಿಟ್ಟು, "ಈ ತಿಂಗಳು ಮಾವನ ಪುಟದಲ್ಲಿ ತಿದ್ದುಪಡಿ ಹಾಕ್ಬೇಕು" ಎಂದೆ.

ಅವರು ಓದಿ ಕನ್ನಡಕ ತೆಗೆದರು. "ಪಾಪ. ಅವರಿಗೊಬ್ಬರಿಗೇ ಖಾಸಗಿಯಾಗಿ ಒಂದು ಕಾಗದ ಬರೆದುಬಿಡು."

"ಮಾವ ಖಾಸಗಿಯಾಗಿ ಬರೆದ ಕಾಗದದ ಬಲದ ಮೇಲೇ ಹೋಗಿದ್ದೆ ನಾನು. ಈಗ ಅಂಥದ್ದನ್ನ ಅವರು ನಂಬಲ್ಲ, ಅದೂ ನಾನೇ ಬರೆದಿದ್ದು ಅಂತಾರೆ. ಅಚ್ಚಿನಲ್ಲಿ ಬಂದ್ರೇ ಮಾವನ ಮಾತು. ಅಲ್ಲದೆ ಇನ್ನೆಷ್ಟು ಜನ ಹಂಗೆ ಮುಚ್ಚಿಟ್ಟಿದಾರೋ ಯಾರಿಗೆ ಗೊತ್ತು?"

"ಒಂದು ಗಾಡಿಗೋಸ್ಕರ ಪತ್ರಿಕೆ ಮುಳುಗಿಸ್ತೀಯಾ?"

"ಹಾಕ್ಲಿಲ್ಲ ಅಂದ್ರೆ ಮುಂದಿನ ತಿಂಗಳು ಮಾವ ಸತ್ತ ಅಂತಾನೇ ಬರೀತೀನಿ. ತಾರೀಖಿನ ಸಮೇತ."

ಸಂಪಾದಕರು ಕನ್ನಡಕ ಮತ್ತೆ ಹಾಕಿಕೊಂಡರು. "ಥೇಟ್ ನಮ್ಮ ಮಾವನೇ" ಎಂದು ಗೊಣಗುತ್ತ ಒಪ್ಪಿದರು.

ನನ್ನ ಹೆಸರು ಹಾಕಿ ಬರೆಯಬೇಕೆಂದು ಮೊದಲು ಅಂದುಕೊಂಡಿದ್ದೆ. ಹದಿನಾಲ್ಕು ವರ್ಷದ ಸುಳ್ಳು ಒಂದೇ ಏಟಿಗೆ ಕಳಚಿಹೋಗಲಿ ಎಂದು. ಆದರೆ ಹಲ್ಲುಸೆಟ್ಟಿನವರು ನಂಬುವುದು ಮಾವನನ್ನು, ನನ್ನನ್ನಲ್ಲ. ನನ್ನ ಹೆಸರಿನಲ್ಲಿ ಬಂದ ಕ್ಷಮೆ ಅವರಿಗೆ ಮೂರು ಕಾಸಿನದು. ಹಾಗಾಗಿ ಮಾವನಾಗಿಯೇ ಬರೆದೆ. ಎರಡು ಪುಟವನ್ನೂ ಅದಕ್ಕೇ ಇಟ್ಟೆ.

'ಹಲ್ಲುಸೆಟ್ಟಿನವರೇ, ಅಂಚು ಮಡಚಿದ್ದು ಸಾಲದೆ ಎಂದು ಕೇಳಿದ್ದೀರಿ. ಸಾಕಾಗಿ ಹೆಚ್ಚಾಯಿತು. ನೀವು ಅಷ್ಟು ಸರಿಯಾಗಿ ಮಡಚಿದ್ದಕ್ಕೇ ಗಾಡಿ ಹಾಳಾಯಿತು. ಸೋಮಾರಿಯೊಬ್ಬ ಅರ್ಧಂಬರ್ಧ ಮುಚ್ಚಿದ್ದರೆ ಅದು ಇವತ್ತಿಗೂ ಓಡುತ್ತಿತ್ತು. ಹಾಗೆ ಮುಚ್ಚಿ ಎಂದವನು ನಾನು. ತಿಳಿಯದೆ ಹೇಳಿದೆ, ತಿಳಿದ ಮೇಲೂ ಬಾಯಿ ಬಿಡಲಿಲ್ಲ, ಅದು ಇನ್ನೂ ದೊಡ್ಡ ತಪ್ಪು. ನಿಮ್ಮ ಅಕ್ಕನ ಮುಖ ಧೈರ್ಯವಾಗಿ ನೋಡಿ, ನೋಡಲು ಆಗದವನು ನಾನು. ಇದನ್ನು ಓದುತ್ತಿರುವ ಬೇರೆ ಯಾರಾದರೂ ಗಾಡಿಯನ್ನು ಹಾಗೆ ಕಟ್ಟಿಟ್ಟಿದ್ದರೆ, ಪತ್ರಿಕೆ ಕೆಳಗಿಟ್ಟು ಎದ್ದು ಹೋಗಿ ಬಿಚ್ಚಿ. ಈಗಲೇ.'

ಪತ್ರಿಕೆ ಮುಳುಗಲಿಲ್ಲ. ಬಿಚ್ಚಿದೆವು ಎಂದು ಒಂಬತ್ತು ಜನ ಬರೆದರು, ಅವರಲ್ಲಿ ಆರು ಜನ ಚೆನ್ನಾಗಿ ಬೈದಿದ್ದರು. ಮಾವನನ್ನು ಬೈಯುವ ಅವಕಾಶ ಅವರಿಗೂ ಮೊದಲ ಸಲ ಸಿಕ್ಕಿತ್ತು.

ಸಂಚಿಕೆ ಹೊರಬಿದ್ದ ಎರಡನೆಯ ವಾರ ಕಚೇರಿಗೆ ಫೋನು ಬಂತು. "ನಾನು ತಾಯಿ, ಹಲ್ಲಿನವನ ಅಕ್ಕ. ಅವನು ಅಂಗಡಿಗೆ ಹೋದಾಗ ಮಾಡ್ತಿದೀನಿ" ಎಂದಿತು ಆ ಕಡೆಯ ಧ್ವನಿ. "ಅವನ ಕೈಲೇ ಗಟ್ಟಿಯಾಗಿ ಓದಿಸಿದೆ. ಮೂರು ಸಲ. ಮೂರನೇ ಸಲಕ್ಕೆ ಅತ್ತ. ನನ್ನ ಹತ್ರ ತಪ್ಪಾಯ್ತು ತಪ್ಪಾಯ್ತು ಅನ್ನೋದು ಅವತ್ತಿಗೆ ನಿಲ್ತು. ಈಗ ಸರಿಯಾಗಿ ಊಟ ಮಾಡ್ತಿದಾನೆ."

"ಒಳ್ಳೇದಾಯ್ತಮ್ಮ" ಎಂದೆ. ನಿಜವಾಗಿಯೂ ಒಳ್ಳೆಯದಾಯಿತು ಅನ್ನಿಸಿತು.

"ಗಾಡಿ ಮಾತ್ರ ನಿನಗೆ ಕೊಡಲ್ವಂತೆ. ಮಾವನಿಗೆ ತಪ್ಪು ಒಪ್ಪಿಕೊಳ್ಳೋ ದೊಡ್ಡತನ ಇದೆ, ಸೊಸೆಗೆ ನಾನೇ ಮಾವ ಅನ್ನೋ ಕೊಬ್ಬು ಅಂತಾನೆ. ವೆಲ್ಡಿಂಗ್ ಕಲಿಸೋ ಶಾಲೆಯವರು ಕೇಳಿದಾರೆ, ಮುಂದಿನ ವಾರ ತಗೊಂಡು ಹೋಗ್ತಾರೆ." ಆಕೆ ಧ್ವನಿ ತಗ್ಗಿಸಿದರು. "ನನಗೆ ಗೊತ್ತು ಕಣೇ ನೀನೇ ಅಂತ. ಆ ಪುಟ ಅವನು ಓದೋವಾಗೆಲ್ಲ ಇದು ಹೆಂಗಸಿನ ಬೈಗುಳ ಅಂತ ನನಗೆ ಯಾವತ್ತೋ ಅನ್ನಿಸಿತ್ತು. ಇವತ್ತು ಕೂರಿಸಿಕೊಂಡು ಹೇಳ್ಲಾ ಅವನಿಗೆ? ನನ್ನ ಮಾತು ತೆಗೆದುಹಾಕಲ್ಲ. ಶಾಲೆಯವರಿಗೆ ಬೇಡ ಅಂದುಬಿಡ್ತಾನೆ."

ಎದುರಿನ ಗೋಡೆಯ ಮುಖಪುಟದಲ್ಲಿ ಗುಂಡನ ತಿಳಿಹಸಿರು ಬಣ್ಣ ಕಾಣುತ್ತಿತ್ತು. ಹೇಳಿ ಎಂದರೆ ಮುಗಿಯಿತು, ಗುಂಡ ನನ್ನವನು. ಆದರೆ ಮಾವನೇ ಇಲ್ಲ ಎಂದು ಗೊತ್ತಾದ ಕ್ಷಣ ಅವರ ಪಾಲಿಗೆ ಆ ಎರಡು ಪುಟವೂ ಸುಳ್ಳಾಗುತ್ತದೆ. ಆಗ ಮತ್ತೆ ಶೆಡ್ಡಿಗೆ ಹೋಗಿ ನಿಂತು, ಎಲ್ಲಿ ಸಂದು ಬಿಟ್ಟೆ ಎಂದು ಹುಡುಕಲು ಶುರುಮಾಡುತ್ತಾರೆ.

"ಬೇಡಮ್ಮ" ಎಂದೆ. "ಅವರು ಅಂದುಕೊಂಡಿರೋದೇ ಇರ್ಲಿ. ಸೊಸೆಗೆ ಚೆನ್ನಾಗಿ ಉಗಿದಿದೀನಿ ಅಂತ ಮಾವ ಹೇಳಿದ್ರು ಅನ್ನಿ."

ಅಕ್ಕ ನಕ್ಕರು.

ಫೋನಿಟ್ಟ ಮೇಲೆ ಸಂಪಾದಕರು ಒಳಗಿನಿಂದ, "ಯಾರು ಮಾವಾ ಅದು?" ಎಂದು ಕೂಗಿದರು. ಓದುಗರು ಎಂದೆ. ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು. ಅದರಿಂದ ಏನೂ ಸಮಾಧಾನವಾಗಲಿಲ್ಲ. ನನಗೆ ಆ ಗಾಡಿ ಬೇಕಿತ್ತು, ತಳ ಇಲ್ಲದಿದ್ದರೂ ಬೇಕಿತ್ತು.